ಬಿಸಿನೀರಮ್ಮ ಬರೆದ ಎರಡು ಸಾಲು

ಆ ಹುಡುಗಿ ಈಗ ಯಾರ ಮನೆಯಲ್ಲಿದ್ದಾಳೆ? ಬೆಳಗಾದರೆ ಇದೇ ಯೋಚನೆ. ಒಲೆಯ ಮೇಲಿಟ್ಟ ಹಾಲು ಉಕ್ಕಿ ಸುರಿಯುವಾಗಲೂ ಇದೇ. ನನ್ನ ಸ್ವಭಾವವೇ ಹಾಗೆ, ಚಿಂತೆಗೆ ಕಾರಣ ಬೇಕಿಲ್ಲ. ಮಗು ಸೀನಿದರೆ ನ್ಯುಮೋನಿಯಾ, ಸೀನದಿದ್ದರೆ ಉಸಿರಾಡುತ್ತಿದೆಯೋ ಇಲ್ಲವೋ ಅಂತ ಮೂಗಿನ ಹತ್ತಿರ ಬೆರಳು. "ಚಿಂತೆ ಇಲ್ಲದಿದ್ದರೆ ನಿನಗೆ ಅದೇ ಒಂದು ಚಿಂತೆ" ಎಂದು ನಮ್ಮ ಮನೆಯವರು ನಗುತ್ತಾರೆ. ಆದರೆ ಇದು ಹಾಗಲ್ಲ. ಇದಕ್ಕೆ ಕಾರಣವಿದೆ. ಆ ಕಾರಣದ ಉದ್ದ ಎರಡೇ ಸಾಲು. ಬರೆದವರು, ದಿನಾ ಮಧ್ಯಾಹ್ನ ನಮ್ಮ ಮನೆಗೆ ಬಂದು ನನ್ನ ಮಗುವಿಗೆ ಸ್ನಾನ ಮಾಡಿಸುತ್ತಿದ್ದ ಬಿಸಿನೀರಮ್ಮ.

ಬಿಸಿನೀರಮ್ಮ ಹೆರಿಗೆ ಆಸ್ಪತ್ರೆಯ ಆಯಾ. ಅವರ ನಿಜವಾದ ಹೆಸರು ಸಂಬಳ ಕೊಡುವವರಿಗೆ ಮಾತ್ರ ಗೊತ್ತಿರಬೇಕು. ಉದ್ದನೆಯ ಓಣಿಯ ಆ ತುದಿಯಿಂದ ಹಬೆಯಾಡುವ ಬಕೆಟ್ ಹಿಡಿದು, "ಬಿಸಿನೀರಮ್ಮಾ, ಬಿಸಿನೀರು, ಕಾಲು ತೆಗಿರಿ" ಎಂದು ಕೂಗುತ್ತ ಬರುತ್ತಿದ್ದರಂತೆ. ಕೂಗಿದ್ದೇ ಹೆಸರಾಯಿತು. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನೆಲ ಒರೆಸುವ ಕೆಲಸಕ್ಕೆ ಸೇರಿದವರು. ಒಂದು ದಿನ ವಾರ್ಡಿನಲ್ಲಿ ಕೈ ಸಾಲದೆ ಯಾರೋ ನರ್ಸ್ ಆಗತಾನೇ ಹುಟ್ಟಿದ ಮಗುವನ್ನು ಇವರ ಕೈಗಿಟ್ಟು ಓಡಿದಳು. ಆವತ್ತಿನಿಂದ ನೆಲ ಬೇರೆಯವರ ಪಾಲಿಗೆ ಹೋಯಿತು, ಮಕ್ಕಳು ಇವರ ಪಾಲಿಗೆ ಬಂದವು. ಸ್ವಂತ ಮಕ್ಕಳಿಲ್ಲ. ಕೇಳಿದರೆ, "ಅಯ್ಯೋ, ನಂಗೆ ಲೆಕ್ಕ ತಪ್ಪಿಹೋಗಿದೆ ಕಣಮ್ಮ" ಅನ್ನುತ್ತಾರೆ.

ಮಗುವಿನ ತಲೆ ಒರೆಸುತ್ತ ತಾಯಂದಿರ ಜೊತೆ ಮಾತಾಡುವುದು ಅವರ ರೂಢಿ. ಹಾಸಿಗೆಯ ಸುತ್ತ ಹಸಿರು ಪರದೆ ಎಳೆದುಕೊಂಡರೆ ಸಾಕು, ಗಂಡನಿಗೆ ಹೇಳದ್ದನ್ನೂ ಹೆಂಗಸರು ಇವರ ಹತ್ತಿರ ಹೇಳುತ್ತಿದ್ದರು. ಹೇಳಿದ್ದು ಅಲ್ಲೇ ಉಳಿಯುತ್ತಿತ್ತು. ಅವರದೊಂದು ಕಟ್ಟುನಿಟ್ಟು ಇತ್ತು: ವಾರ್ಡಿನಲ್ಲಿ ನೋಡಿದ ಮುಖ ಬೀದಿಯಲ್ಲಿ ಎದುರಾದರೆ ತಾವಾಗಿ ನಗುವುದಿಲ್ಲ. ಆ ತಾಯಿ ಮೊದಲು ನಕ್ಕರೆ ಮಾತ್ರ ನಗುವುದು. ಅವಳ ಪಕ್ಕದಲ್ಲಿ ಯಾರಿದ್ದಾರೋ, ಏನು ಹೇಳಿದ್ದಾಳೋ, ಯಾರಿಗೆ ಗೊತ್ತು. ಒಮ್ಮೆ ತರಕಾರಿ ಅಂಗಡಿಯಲ್ಲಿ ನನ್ನನ್ನೇ ನೋಡಿ ಗುರುತೇ ಇಲ್ಲದವರ ಹಾಗೆ ಬದನೆಕಾಯಿ ಆರಿಸುತ್ತ ನಿಂತಿದ್ದರು. ನಾನು ಮುನಿಸಿಕೊಂಡಾಗ ಈ ಕಾರಣ ಹೇಳಿದರು. ಇಷ್ಟು ಬಾಯಿ ಕಟ್ಟಿಕೊಂಡಿದ್ದ ಹೆಂಗಸು.

ಆ ಹುಡುಗಿ ನನ್ನ ಪಕ್ಕದ ಹಾಸಿಗೆಯವಳು. ಇಬ್ಬರಿಗೂ ಒಂದೇ ದಿನ ಹೆರಿಗೆ. ಅವಳ ಗಂಡ ಹಡಗಿನಲ್ಲಿ ಕೆಲಸ ಮಾಡುವವನು, ಹೊರಟರೆ ಬರುವುದು ತಿಂಗಳುಗಟ್ಟಲೆ ಕಳೆದ ಮೇಲೆ. ಮಗು ಮಲಗಿದ್ದಾಗ ಅವಳೇ ಮೆಲ್ಲಗೆ ಹೇಳಿದ್ದಳು: ಇದಕ್ಕೆ ಮುಂಚೆ ಒಂದು ಹೋಗಿದೆ, ಇದೇ ಆಸ್ಪತ್ರೆಯಲ್ಲಿ, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಆಗ ಗಂಡ ಹಡಗಿನಲ್ಲಿದ್ದ. ಹೊರಡುವವನ ಕಾಲಿಗೆ ತೊಡಕಾಗಬಾರದು ಎಂದು ಬಸುರಿನ ಸುದ್ದಿಯನ್ನೇ ಹೇಳಿರಲಿಲ್ಲವಂತೆ. ಆಮೇಲೆ ಅದು ಉಳಿಯಲಿಲ್ಲ. ಇದ್ದದ್ದನ್ನೇ ಹೇಳದವಳು ಹೋದದ್ದನ್ನು ಹೇಗೆ ಹೇಳಲಿ? ಎಷ್ಟು ತಿಂಗಳಾಗಿತ್ತು ಎಂದು ನಾನು ಕೇಳಲಿಲ್ಲ. ಆವತ್ತು ಅವಳ ಕೈ ಹಿಡಿದು ಕೂತವರು ಬಿಸಿನೀರಮ್ಮ ಒಬ್ಬರೇ. ಮನೆಗೆ ಹೋಗುವಾಗ ನಾವಿಬ್ಬರೂ ಫೋನ್ ನಂಬರ್ ಬದಲಾಯಿಸಿಕೊಂಡೆವು, ಚುಚ್ಚುಮದ್ದಿನ ದಿನ ಒಬ್ಬರಿಗೊಬ್ಬರು ನೆನಪು ಮಾಡೋಣ ಎಂದು.

ನರ್ಸುಗಳೆಲ್ಲ ಸೇರಿ ಬಿಸಿನೀರಮ್ಮನಿಗೆ ಒಂದು ಫೋನ್ ಕೊಡಿಸಿದ್ದರು. ಬರೆಯಲು ಅವರಿಗೆ ಅಷ್ಟಕ್ಕಷ್ಟೆ. ಅದಕ್ಕೆ ಮೈಕಿನ ಗುರುತು ಒತ್ತಿ ಬಾಯಲ್ಲಿ ಹೇಳುವುದನ್ನು ಕಲಿಸಿಕೊಟ್ಟರು. ಹೇಳಿದ್ದನ್ನು ಫೋನೇ ಬರೆದುಕೊಳ್ಳುತ್ತದೆ ಅಂದಾಗ ಅವರಿಗಾದ ಖುಷಿ ಹೇಳತೀರದು. ಮಗುವಿಗೆ ಸೋಪು ಹಚ್ಚುತ್ತ ನನಗೂ ವರದಿ ಒಪ್ಪಿಸುತ್ತಿದ್ದರು: ಆ ಅವಳಿಗಳಿಗೆ ಹಲ್ಲು ಬಂತಂತೆ, ಆ ಕಪ್ಪು ಕೂದಲಿನದು ಶಾಲೆಗೆ ಸೇರಿತಂತೆ. ಆಸ್ಪತ್ರೆಯ ಪುಟದಲ್ಲಿ ಯಾವ ಮಗುವಿನ ಫೋಟೋ ಬಂದರೂ ಕೆಳಗೆ ಇವರ ಮಾತು ಇದ್ದೇ ಇರುತ್ತಿತ್ತು. ಓದಿದರೆ ಅವರ ದನಿಯೇ ಕೇಳಿಸುವುದು. ಬರೆದದ್ದಲ್ಲವಲ್ಲ, ಮಾತಾಡಿದ್ದು.

ಆ ಹುಡುಗಿಯ ನಾದಿನಿ ಅದೇ ಪುಟದಲ್ಲಿ ತಾಯಿ-ಮಗುವಿನ ಫೋಟೋ ಹಾಕಿ ಆಸ್ಪತ್ರೆಗೆ ಧನ್ಯವಾದ ಹೇಳಿದ್ದಳು. ಬಿಸಿನೀರಮ್ಮ ಅದನ್ನು ನೋಡಿದರು. ಕಣ್ಣು ತುಂಬಿ ಬಂತಂತೆ. ಮೈಕ್ ಒತ್ತಿದರು. "ಮೊದಲನೇದು ಕೈ ಬಿಟ್ಟು ಹೋದಾಗ ನೀನು ಅತ್ತಿದ್ದು ಇನ್ನೂ ನನ್ನ ಕಣ್ಣಲ್ಲೇ ಇದೆ ಮಗಳೇ, ಈಗ ನಿನ್ನ ಮಡಿಲು ತುಂಬಿತಲ್ಲ, ಅಷ್ಟು ಸಾಕು ನಂಗೆ."

ಇದು ಮೊದಲನೆಯ ಸಾಲು. ಇಷ್ಟಕ್ಕೇ ನಿಂತಿದ್ದರೆ ಯಾರೋ ಮುದುಕಿ ಯಾರನ್ನೋ ಅಂದುಕೊಂಡು ಬರೆದಳು ಎಂದು ತೇಲಿಸಿಬಿಡಬಹುದಿತ್ತು. ಕೆಳಗೆ ಒಬ್ಬರು ಕೇಳಿದ್ದರು: ಪಾಪ, ಯಾವಾಗಮ್ಮಾ ಆಗಿದ್ದು? ಕೇಳಿದವರ ಮುಖವಿರಬೇಕಾದಲ್ಲಿ ಒಂದು ಗುಲಾಬಿ ಹೂವು. ಹೂವಿಟ್ಟುಕೊಂಡವರು ಒಳ್ಳೆಯವರೇ ಇರಬೇಕು ಎಂದುಕೊಂಡರು ಬಿಸಿನೀರಮ್ಮ. ವಾರ್ಡಿನಲ್ಲಿ ಯಾರಾದರೂ ಕರುಳಿನಿಂದ ಕೇಳಿದರೆ ಉತ್ತರ ಕೊಡದೆ ಹೋಗುವವರಲ್ಲ ಅವರು. "ಹೋದ ವರ್ಷದ ಹಿಂದಿನ ಮಳೆಗಾಲ, ಗಂಡನೂ ಊರಲ್ಲಿರಲಿಲ್ಲ ಪಾಪ, ಒಬ್ಬಳೇ ಬಂದಿದ್ದಳು."

ಆ ಗುಲಾಬಿ ಹೂವು ಅವಳ ಗಂಡನ ಚಿಕ್ಕಮ್ಮ.

ಸಂಜೆಯೊಳಗೆ ಇಡೀ ಬಳಗ ಬೆರಳು ಮಡಿಸಿ ತಿಂಗಳು ಎಣಿಸಿತು. ಅವನು ಹೊರಟಿದ್ದು ಯಾವಾಗ, ಮಳೆ ಶುರುವಾಗಿದ್ದು ಯಾವಾಗ, ಹಾಗಾದರೆ ಆ ಬಸುರು ಯಾರದು. ನಾನು ನೋಡುವ ಹೊತ್ತಿಗೆ ಕೆಳಗೆ ಮಾತು ಹುತ್ತದ ಹಾಗೆ ಬೆಳೆದಿತ್ತು. ಕೆಲವರಂತೂ ಅವಳನ್ನು ಕಂಡವರೇ ಅಲ್ಲ, ಅವನ ಹಡಗಿನ ಜೊತೆಗಾರರು. ಅವರಲ್ಲೊಬ್ಬ ನಗುವ ಮುಖವೊಂದನ್ನು ಅಂಟಿಸಿದ್ದ. ನರ್ಸುಗಳಿಗೆ ಫೋನ್ ಮಾಡಿ ಅಳಿಸಿ ಎಂದೆ. ಅವರೂ ಅಳಿಸಿದರು. ಅಷ್ಟರಲ್ಲಿ ಅದು ಫೋಟೋ ಆಗಿ ಮನೆಮನೆ ಸುತ್ತಿ ಬಂದಿತ್ತು. ಮಡಕೆಯ ಬಾಯಿಗಾದರೆ ಮುಚ್ಚಳ ಸಿಕ್ಕೀತು.

ಮರುದಿನ ರಜೆಗೆ ಬಂದಿದ್ದ ಅವಳ ಗಂಡ, ಅತ್ತೆ, ಆ ಚಿಕ್ಕಮ್ಮ ಮೂವರೂ ಆಸ್ಪತ್ರೆಗೆ ಬಂದರು. ಮೊದಲನೆಯದು ಹೋದ ದಿನದ ಕಾಗದ ತೋರಿಸಿ ಎಂದರು. ಅವಳೇ ಬಂದು ಕೇಳಿದರೆ ಕೊಡುತ್ತೇವೆ, ಬೇರೆ ಯಾರಿಗೂ ಇಲ್ಲ ಎಂದರು ದೊಡ್ಡ ಸಿಸ್ಟರ್. ಅವಳು ಮನೆಯಿಂದ ಹೊರಗೆ ಬರುವ ಹಾಗಿಲ್ಲ ಎಂದಳು ಅತ್ತೆ. ಓಣಿಯಲ್ಲಿ ಬಕೆಟ್ ಹಿಡಿದು ನಿಂತಿದ್ದ ಬಿಸಿನೀರಮ್ಮನ ಮುಂದೆ ಗಂಡ ಬಂದು ನಿಂತ. ಬೈಯಲಿಲ್ಲವಂತೆ. ಒಂದೇ ಕೇಳಿದ: ಆವತ್ತು ಎಷ್ಟು ತಿಂಗಳಾಗಿತ್ತು?

ಬಿಸಿನೀರಮ್ಮನಿಗೆ ಗೊತ್ತಿತ್ತು. ತುಟಿ ಪಿಟಕ್ಕೆನ್ನಲಿಲ್ಲ. ಆ ಸಂಜೆಯೇ ಅವರನ್ನು ಕೆಲಸದಿಂದ ನಿಲ್ಲಿಸಿದರು.

ಇದನ್ನೆಲ್ಲ ಅವರು ನನಗೆ ಹೇಳಿದ್ದು ನಮ್ಮ ಮನೆಯ ಬಚ್ಚಲ ಹೊಸ್ತಿಲಲ್ಲಿ ಕೂತು. ಮಗುವನ್ನು ಮುಟ್ಟಲಿಲ್ಲ. ನೀರು ಆರುತ್ತಿತ್ತು.

"ಅವಳಿಗೆ ಹೇಳಿದ್ದು ಕಣಮ್ಮ ನಾನು. ಅವಳೊಬ್ಬಳಿಗೆ. ಅಷ್ಟು ಜನ ಅಲ್ಲಿ ನಿಂತು ಕೇಳಿಸ್ಕೊಳ್ತಿದಾರೆ ಅಂತ ನಂಗೇನು ಗೊತ್ತು?"

ಎಷ್ಟು ತಿಂಗಳು ಎನ್ನುವುದು ಆ ಹುಡುಗಿಗೆ ಒಳ್ಳೆಯದೋ ಕೆಟ್ಟದೋ ಎಂದು ಕೇಳಿದೆ. ಒಳ್ಳೆಯದೇ, ಅವಳ ಮೇಲೆ ಒಂದು ಚುಕ್ಕೆಯೂ ಉಳಿಯುವುದಿಲ್ಲ ಎಂದರು. ಹಾಗಿದ್ದರೆ ಅವನು ಕೇಳಿದಾಗಲೇ ಹೇಳಬಾರದಿತ್ತೇ ಎಂದು ನನ್ನ ದನಿ ಏರಿತು.

"ಒಂದ್ಸಲ ಅವಳನ್ನ ಕೇಳದೆ ಬಾಯಿ ಬಿಟ್ಟೆ, ಹೀಗಾಯ್ತು. ಇನ್ನೊಂದ್ಸಲ ಕೇಳದೆ ಬಿಡ್ಲಾ? ನಿನ್ನ ಹತ್ರ ನಂಬರ್ ಇದೆಯಲ್ಲ. ಕೇಳು ಅವಳನ್ನ. ಹೇಳು ಅಂದ್ರೆ ಅವರ ಬಾಗಿಲಲ್ಲಿ ನಿಂತು ಹೇಳ್ತೀನಿ. ಬೇಡ ಅಂದ್ರೆ ನನ್ನ ಜೊತೆನೇ ಮಣ್ಣಾಗ್ಲಿ."

ಸರಿ ಎಂದೆ. ಎಂದವಳು ಮಾಡಲಿಲ್ಲ. ಫೋನ್ ಈಗ ಅವಳ ಕೈಯಲ್ಲಿದೆ ಎಂದು ಏನು ಗ್ಯಾರಂಟಿ? ಅತ್ತೆ ಎತ್ತಿದರೆ ಏನನ್ನಲಿ? ನಾನು ಮಾಡಿದ ಕರೆಯೇ ಇನ್ನೊಂದು ಸಾಕ್ಷಿಯಾಗಿ, ಇವಳಿಗೂ ಗೊತ್ತಿತ್ತಾ, ಹಾಗಾದರೆ ಇನ್ನೆಷ್ಟು ಜನಕ್ಕೆ ಹೇಳಿದ್ದೀಯಾ ಎಂದು ಅವಳನ್ನೇ ಹಿಡಿದರೆ? ‘ಹೇಗಿದ್ದೀರಾ’ ಎಂದು ಮೆಸೇಜು ಬರೆದೆ, ಅಳಿಸಿದೆ. ಮಗುವಿನ ಚುಚ್ಚುಮದ್ದಿನ ನೆಪದಲ್ಲಿ ಬರೆದೆ, ಅದನ್ನೂ ಅಳಿಸಿದೆ. ಬರೆದದ್ದು ಯಾರ ಕಣ್ಣಿಗೆ ಬೀಳುತ್ತದೋ ಎಂಬ ಭಯ ಈಗ ಅಂಗಡಿಯವನಿಗೆ ಸಾಮಾನು ಬರೆದು ಕಳಿಸುವಾಗಲೂ ಬರುತ್ತದೆ. ಮನೆಯವರು, "ಊರ ಉಸಾಬರಿ ನಿನಗ್ಯಾಕೆ, ಬೆಂಕಿಗೆ ತುಪ್ಪ ಸುರೀಬೇಡ" ಎಂದರು. ಆ ಮಾತು ನನಗೆ ಬೇಕಾಗಿಯೇ ಇತ್ತು, ಹಿಡಿದುಕೊಂಡು ಕೂತೆ.

ಬಿಸಿನೀರಮ್ಮ ಬರುವುದು ನಿಂತಿತು. ಮಗುವನ್ನು ಎತ್ತಿಕೊಂಡು ನಾನೇ ಹೋದೆ. ಇಸ್ತ್ರಿ ಅಂಗಡಿಯ ಮೇಲೆ ಒಂದೇ ಕೋಣೆ, ಕೆಳಗಿನ ಕೆಂಡದ ಬಿಸಿ ನೆಲದಿಂದ ಏಳುತ್ತದೆ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು. ತಲೆ ಬಾಚಿರಲಿಲ್ಲ. ತಟ್ಟೆಯ ಅನ್ನ ಒಣಗಿ ಅಂಟಿತ್ತು. ಫೋನನ್ನು ಬಟ್ಟೆಯಲ್ಲಿ ಸುತ್ತಿ ಅಕ್ಕಿ ಡಬ್ಬದ ಒಳಗೆ ಹೂತಿಟ್ಟಿದ್ದರು. "ಅಲ್ಲಿಂದಾದ್ರೂ ಕೇಳಿಸ್ಕೊಳ್ಳದೇ ಇರ್ಲಿ" ಎಂದರು. ನಗಿಸಲು ಅಂದದ್ದೋ ನಿಜವೋ ಗೊತ್ತಾಗಲಿಲ್ಲ. ಅಷ್ಟು ಮಕ್ಕಳನ್ನು ಎತ್ತಿದ ಕೈ ತೊಡೆಯ ಮೇಲೆ ಅಂಗಾತ ಬಿದ್ದಿತ್ತು, ಬೇರೆ ಯಾರದೋ ಅನ್ನುವ ಹಾಗೆ.

ಅವಳನ್ನು ಕೇಳಿದೆಯಾ ಎಂದು ಅವರು ಕೇಳಲಿಲ್ಲ. ನಾನು ಕೇಳಿಲ್ಲ ಎನ್ನುವುದು ನನ್ನ ಮುಖದಲ್ಲೇ ಇತ್ತು. ಆಮೇಲೆ ತಾವಾಗಿ ಒಂದು ಸುದ್ದಿ ಹೇಳಿದರು. ಬೆಳಿಗ್ಗೆ ಒಬ್ಬಳು ನರ್ಸ್ ಬಂದು ಹೋದಳಂತೆ. ಆ ಹುಡುಗಿಯ ಮಗುವನ್ನು ಚುಚ್ಚುಮದ್ದಿಗೆ ಕರೆತಂದಿಲ್ಲ. ಆದರೆ ಅವಳ ಅತ್ತೆ ವಾರ್ಡಿಗೆ ಫೋನ್ ಮಾಡಿದ್ದಳು. ಎದೆಹಾಲು ಬಿಟ್ಟು ಬೇರೆ ಏನೂ ಕುಡಿಯದ ಕೂಸಿಗೆ ಬಾಟಲಿ ಹಾಲು ರೂಢಿ ಮಾಡುವುದು ಹೇಗೆ, ಎಷ್ಟು ದಿನ ಹಿಡಿಯುತ್ತದೆ ಎಂದು ವಿಚಾರಿಸಿದಳಂತೆ.

ನನಗೆ ತಕ್ಷಣ ಹೊಳೆಯಲಿಲ್ಲ. ಬಿಸಿನೀರಮ್ಮ ನನ್ನ ಮಗುವಿನ ಕಡೆ ನೋಡುತ್ತ ಹೇಳಿದರು.

"ಕೂಸನ್ನ ಇಟ್ಕೊಂಡು ಅವಳನ್ನ ಕಳಿಸ್ತಾರೆ ಕಣಮ್ಮ."

ಕೆಳಗೆ ಯಾರೋ ಒದ್ದೆ ಬಟ್ಟೆಯ ಮೇಲೆ ಇಸ್ತ್ರಿ ಇಟ್ಟರು, ಚುಯ್ ಎಂದಿತು. ನನ್ನ ಎದೆಯಲ್ಲಿ ಹಾಲು ಇಳಿದು ರವಿಕೆ ಒದ್ದೆಯಾಯಿತು. ನಾನು ಮಗುವಿಗೆ ಹಾಲು ಕೊಡುತ್ತ ಅಲ್ಲೇ ಅವರ ಚಾಪೆಯ ಮೇಲೆ ಕೂತೆ. ಇನ್ನೊಂದು ಕೈಯಲ್ಲಿ ಫೋನ್ ತೆಗೆದು ನಂಬರ್ ಒತ್ತಿದೆ.

ಬಹಳ ಹೊತ್ತು ರಿಂಗಾಯಿತು. ನಿಲ್ಲುತ್ತದೆ ಎನ್ನುವಾಗ ಎತ್ತಿದರು. ಹಿಂದೆ ಮಗು ಅಳುತ್ತಿತ್ತು, ಹಸಿವಿನ ಅಳು, ನನಗೆ ಗೊತ್ತಾಗುತ್ತದೆ. ನಾನು ಯಾರೆಂದು ಹೇಳಿದೆ, ಪಕ್ಕದ ಹಾಸಿಗೆಯವಳು ಎಂದೆ.

"ಹೂಂ, ಗೊತ್ತಾಯ್ತು ಅಕ್ಕ," ಎಂದಳು ಅವಳು. ದನಿ ಒಣಗಿತ್ತು. "ಸ್ಪೀಕರ್ ಹಾಕಿದಾರೆ. ಎಲ್ಲರೂ ಇಲ್ಲೇ ಇದಾರೆ. ಏನು ಹೇಳ್ಬೇಕಂತಿದೀರೋ ಹೇಳಿ."

ಎದುರಿಗೆ ಬಿಸಿನೀರಮ್ಮ ಎರಡೂ ಕೈಯಲ್ಲಿ ತಮ್ಮ ಬಾಯಿ ಮುಚ್ಚಿಕೊಂಡಿದ್ದರು. ಕತ್ತರಿಸಿಬಿಡೋಣ ಎಂದು ಹೆಬ್ಬೆರಳು ಕೆಂಪು ಗುಂಡಿಯ ಮೇಲೆ ಹೋಯಿತು. ಅವಳು ಒಬ್ಬಳೇ ಇದ್ದಾಗ ಕೇಳಬೇಕಾಗಿದ್ದನ್ನು ಅಷ್ಟೂ ಜನರ ಮುಂದೆ ಹೇಗೆ ಕೇಳಲಿ? ಕೇಳದಿದ್ದರೆ ಇನ್ಯಾವಾಗ?

"ನಾನು ನಿಮ್ಮ ವಿಷಯ ಏನೂ ಹೇಳಲ್ಲ. ಒಂದು ಕೇಳ್ಬೇಕಿತ್ತು, ಅಷ್ಟೇ. ಆಯಾ ನನ್ನ ಎದುರಿಗೇ ಇದಾರೆ. ಆವತ್ತಿಂದ ಊಟ ಬಿಟ್ಟಿದಾರೆ. ಅವರಿಗೆ ಎಲ್ಲಾ ನೆನಪಿದೆಯಂತೆ. ಆದ್ರೆ ನೀವು ಹೇಳಿ ಅಂದ್ರೆ ಮಾತ್ರ ಹೇಳ್ತಾರಂತೆ. ಇಲ್ಲ ಅಂದ್ರೆ ಯಾರು ಕೇಳಿದ್ರೂ ಇಲ್ಲ."

ಆ ಕಡೆ ಯಾರೋ ಗಂಟಲು ಸರಿಮಾಡಿಕೊಂಡರು. ಯಾರದೋ ಬಳೆ ಸದ್ದಾಯಿತು. ಒಬ್ಬ ಹೆಂಗಸು ಫೋನ್ ಇತ್ತ ಕೊಡು ಎಂದಳು. ಮಗುವಿನ ಅಳು ಹತ್ತಿರವಾಯಿತು, ಆಮೇಲೆ ಬಿಕ್ಕಿ ಬಿಕ್ಕಿ ನಿಂತಿತು. ಎತ್ತಿಕೊಂಡಿರಬೇಕು.

"ಅವರೇನೂ ಹೇಳೋದು ಬೇಡ," ಎಂದಳು ಅವಳು. "ನಾನೇ ಹೇಳ್ತೀನಿ. ಅಕ್ಕ, ನೀವು ಫೋನ್ ಮಾತ್ರ ಇಡ್ಬೇಡಿ."

ಇಡಲ್ಲ ಎಂದೆ.

"ಐದು ತಿಂಗಳು ತುಂಬಿತ್ತು," ಎಂದಳು. ನನಗೆ ಹೇಳಿದ್ದಲ್ಲ ಅದು. "ನೀವು ಹಡಗು ಹತ್ತಿ ಎರಡೇ ತಿಂಗಳಾಗಿತ್ತು. ಎಣಿಸ್ಕೊಳ್ಳಿ. ಗಂಡು ಮಗು. ಬೆರಳಿಗೆ ಉಗುರು ಬಂದಿತ್ತು."

ಬಿಸಿನೀರಮ್ಮ ಸದ್ದಿಲ್ಲದೆ ಜರುಗಿ ಬಂದು ನನ್ನ ಭುಜಕ್ಕೆ ಭುಜ ತಾಗಿಸಿ ಕೂತರು. ಆ ಕಡೆಯಿಂದ ಅವಳ ಉಸಿರು ಕೇಳಿಸುತ್ತಿತ್ತು. ನಾನು ಫೋನ್ ಹಿಡಿದೇ ಇದ್ದೆ.