ಹಾಜರಿ ಪುಸ್ತಕದಲ್ಲಿ ಇಲ್ಲದ ಶಾಂತವ್ವ

ರೇಣುಕಾ, ನಿನ್ನ ಸ್ಕಾಲರ್‌ಶಿಪ್ ತಪ್ಪಿಸಿದವನು ನಾನು. ಸರ್ಕಾರವಲ್ಲ, ನಿನ್ನ ಹಣೆಬರಹವೂ ಅಲ್ಲ — ಪೀಣ್ಯದ ಆ ಕಾರ್ಖಾನೆಯಲ್ಲಿ ಹಾಜರಿ ಬರೆಯುತ್ತಿದ್ದ ನಾನು. ನಿವೃತ್ತನಾದ ದಿನ ಶಾಲು ಹೊದಿಸಿ, ಒಂದೂ ಕಪ್ಪುಚುಕ್ಕೆ ಇಲ್ಲದ ಸೇವೆ ಎಂದು ಹೊಗಳಿದರು. ಥೂ! ಅದನ್ನೂ ಕೇಳಿಸಿಕೊಂಡು ಕೈಮುಗಿದು ಕೂತೆನಲ್ಲ — ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ!

ತೊಂಬತ್ತರ ದಶಕದ ಮಾತು. ನಿಮ್ಮವ್ವ ಶಾಂತವ್ವ ಏಳು ವರ್ಷ ನಮ್ಮಲ್ಲಿ ಕಬ್ಬಿಣದ ಬಿಡಿಭಾಗಗಳ ಅಂಚನ್ನು ಅರದಿಂದ ಉಜ್ಜಿದಳು. ಬಾಗಲಗುಂಟೆಯ ಬಾಡಿಗೆ ಕೋಣೆಯಿಂದ ನಡೆದೇ ಬರುತ್ತಿದ್ದಳು. ಒಂದು ದಿನ ತಡವಿಲ್ಲ. ಆದರೆ ಪುಸ್ತಕದಲ್ಲಿ ಶಾಂತವ್ವ ಇದ್ದದ್ದು ಮೊದಲ ಏಳು ತಿಂಗಳು ಮಾತ್ರ. ಒಂದೇ ಹೆಸರಿನಲ್ಲಿ ಇನ್ನೂರ ನಲವತ್ತು ದಿನ ತುಂಬಿದರೆ ಕಾಯಂ ಮಾಡಿ ಎಂದು ಕೇಳಿಬಿಡುತ್ತಾರಲ್ಲ! ಅದಕ್ಕೇ ದಿನ ತುಂಬುವ ಮೊದಲೇ ಹೆಸರು ಹೊಡೆದುಹಾಕಿ, ಅದೇ ಹೆಂಗಸನ್ನು ಬೇರೆ ಹೆಸರಿನಲ್ಲಿ ಹೊಸಬಳೆಂದು ಸೇರಿಸುವುದು. ಹೆಸರು ಹುಡುಕುವ ಕೆಲಸ ನನ್ನದು. ನನ್ನ ಚಿಕ್ಕಮ್ಮನ ಹೆಸರು, ನಾದಿನಿಯ ಹೆಸರು — ಬಾಯಿಗೆ ಬಂದದ್ದು ಬರೆದೆ. ನಗುತ್ತಲೇ ಬರೆದೆ.

ನೀನು ಪಿಯುಸಿಯಲ್ಲಿ ಒಳ್ಳೆಯ ಅಂಕ ಪಡೆದೆ. ಬಿ.ಎಸ್ಸಿ.ಗೆ ಸೀಟೂ ಸಿಕ್ಕಿತು, ಫೀಸು ಕಟ್ಟುವ ದಾರಿ ಮಾತ್ರ ಇರಲಿಲ್ಲ. ಕಾರ್ಮಿಕರ ಮಕ್ಕಳಿಗೆ ಒಂದು ವಿದ್ಯಾರ್ಥಿವೇತನ ಇದೆಯೆಂದು ನೀನೇ ಎಲ್ಲೋ ಪತ್ತೆ ಹಚ್ಚಿ, ಫಾರ್ಮು ತುಂಬಿ, ಅವ್ವನ ಕೈಲಿ ಕಳಿಸಿದೆ. ತಾಯಿ ಇಲ್ಲಿ ಕೆಲಸ ಮಾಡುತ್ತಾಳೆ ಎಂದು ನಾವೊಂದು ಸಹಿ ಹಾಕಬೇಕಿತ್ತು, ಅಷ್ಟೇ.

ಮ್ಯಾನೇಜರು ಫಾರ್ಮು ನೋಡಿ ನನ್ನ ಕಡೆ ತಳ್ಳಿದರು. "ಶಾಂತವ್ವ ಅನ್ನೋರು ಯಾರೂ ಇಲ್ಲ ಕಣ್ರೀ ನಮ್ಮಲ್ಲಿ. ರಿಜಿಸ್ಟರ್ ನೋಡಿ ಬರ್ಕೊಡಿ."

ಗಾಜಿನ ಆಚೆ ಆಕೆ ಕೂತು ಕೆಲಸ ಮಾಡುತ್ತಿದ್ದಳು! ನನಗೂ ಕಾಣುತ್ತಿತ್ತು, ಅವರಿಗೂ ಕಾಣುತ್ತಿತ್ತು. ಎಂಥ ನಾಲಿಗೆಯಪ್ಪ ಅದು — ಆದರೆ ಬರೆದ ಕೈ ನನ್ನದು. ಈ ಹೆಸರಿನ ಕಾರ್ಮಿಕರು ನಮ್ಮಲ್ಲಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದು, ಸೀಲು ಒತ್ತಿ, ಲಕೋಟೆಯ ಬಾಯಿ ಅಂಟಿಸಿದೆ. ನೀನು ಓದಿಬಿಡುತ್ತೀಯೆಂಬ ಹೆದರಿಕೆ... "ಒಡೀಬೇಡಮ್ಮ, ಒಡೆದ್ರೆ ಸ್ಕಾಲರ್‌ಶಿಪ್ ಆಫೀಸ್ನೋರು ತಗೊಳ್ಳಲ್ಲ" ಎಂದೆ. ಆಕೆ ಲಕೋಟೆಯನ್ನು ಕಣ್ಣಿಗೊತ್ತಿಕೊಂಡಳು. "ನಿಮ್ಮ ಉಪಕಾರ ಮರೆಯಂಗಿಲ್ರೀ ಸರ." ಮರುದಿನ ನನಗೆಂದು ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಳು. ತಿಂದೆ, ರೇಣುಕಾ. ಚೆನ್ನಾಗಿದೆ ಎಂದೂ ಹೇಳಿದೆ.

ಅರ್ಜಿ ತಿರಸ್ಕಾರವಾಯಿತು. ಯಾಕೆ ಹೀಗಾಯಿತೆಂದು ಕೇಳಲು ಬಂದವಳಿಗೆ, "ಸರ್ಕಾರದ ಕೆಲಸ ಅಲ್ವಾ, ಹಂಗೇ" ಎಂದೆ. ನನ್ನ ಕೆಲಸ ಹೋಗುತ್ತಿತ್ತು, ಮನೆಯಲ್ಲಿ ಮಕ್ಕಳಿದ್ದರು — ಬೇಡ, ಆ ಮಾತು ಬೇಡ. ಆಕೆಗೂ ಮಗಳಿದ್ದಳು.

ಕಾಲೇಜಿನ ಸೀಟು ಹೋಯಿತು. ಮುಂದಿನ ತಿಂಗಳು ನೀನೇ ಕೆಲಸ ಕೇಳಿಕೊಂಡು ನನ್ನ ಮೇಜಿನ ಮುಂದೆ ಬಂದು ನಿಂತೆ. ಲಕೋಟೆಯೊಳಗೆ ಏನಿತ್ತೆಂದು ನಿನಗೆ ಗೊತ್ತಿತ್ತೋ ಇಲ್ಲವೋ — ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಒಂದೇ ಮಾತು ಹೇಳಿದೆ ನೀನು: "ನನ್ನ ಖರೇ ಹೆಸರು ಬರೀರಿ ಸರ. ಬರೋ ವರ್ಷ ಕಾಲೇಜಿಗೆ ಹೋಗಾಕಿ ನಾನು."

ನಿನ್ನ ಹೆಸರನ್ನೇ ಬರೆದೆ. ಏಳು ತಿಂಗಳಾದ ಮೇಲೆ ಅದನ್ನು ಹೊಡೆದುಹಾಕಿ, ಸುಮಿತ್ರಾ ಎಂದು ಬರೆದೆ. ಬೆಳಿಗ್ಗೆ ಆ ಹೆಸರು ಕೂಗಿದಾಗ ನೀನು ಓಗೊಡಲಿಲ್ಲ. ಎದುರಿಗೇ ನಿಂತಿದ್ದವಳಿಗೆ ಗೈರುಹಾಜರಿ ಹಾಕಿದೆ. ಮರುದಿನ ಮತ್ತೆ ಕೂಗಿದೆ. ನೀನು ನನ್ನ ಮುಖವನ್ನೇ ನೋಡುತ್ತ ಆ ಹೆಸರಿಗೆ ಓಗೊಟ್ಟೆ: "ಅದೀನ್ರಿ."