ಅಪ್ಪನ ಬೋರ್ಬೊರಿಗ್ಮಸ್

ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದ ಅಪ್ಪನಿಗೆ ಇಂಗ್ಲಿಷ್ ಪದಗಳ ಹುಚ್ಚು. ಹಸಿದ ಮಗಳ ಹೊಟ್ಟೆ ಗುಡುಗುಡು ಎಂದರೆ ಸಾಕು, "ಅದರ ಹೆಸರು ಬೋರ್ಬೊರಿಗ್ಮಸ್! ಸ್ಪೆಲಿಂಗ್ ಹೇಳು ಪುಟ್ಟಿ, ಆಮೇಲೆ ತುತ್ತು" ಎನ್ನುತ್ತಿದ್ದರು. ಹೊಟ್ಟೆಯ ಸದ್ದನ್ನೇ ಕೇಳಿ ಗ್ರೀಕರು ಕಟ್ಟಿದ ಪದವಂತೆ, ನಮ್ಮ ಗುಡುಗುಡುವಿಗೆ ಅಣ್ಣನಾಗಬೇಕಂತೆ. "ಮಗೂಗೆ ಮೊದ್ಲು ಅನ್ನ ಹಾಕಿ, ನಿಮ್ಮ ಗ್ರೀಕರು ಕಾಯ್ಲಿ" ಎಂದು ಅಮ್ಮ ರೇಗುತ್ತಿದ್ದಳು. ಮನೆಗೆ ಬಂದ ನೆಂಟರಿಗೂ ಹಾಲಿನವನಿಗೂ ಇದೇ ಪಾಠ. ಅಮ್ಮನಿಗೆ ಆಪರೇಷನ್ ಆದ ದಿನ ಮಾತ್ರ ಅಪ್ಪ ಯಾರನ್ನೂ ಸ್ಪೆಲಿಂಗ್ ಕೇಳಲಿಲ್ಲ, ಆಸ್ಪತ್ರೆಯ ಬೆಂಚಿನ ಮೇಲೆ ಮಗಳ ಕೈಯನ್ನು ಬಿಗಿಯಾಗಿ ಹಿಡಿದು, "ಬಿ, ಓ, ಆರ್..." ಎಂದು ತಾವೇ ಮತ್ತೆ ಮತ್ತೆ ಪಿಸುಗುಟ್ಟಿದರು. ಅಪ್ಪನಿಲ್ಲದ ಈ ಹೊತ್ತಿನಲ್ಲಿ, ಜ್ವರ ಬಂದ ತನ್ನ ಕೂಸನ್ನು ಮಡಿಲಲ್ಲಿಟ್ಟುಕೊಂಡು ಡಾಕ್ಟರ ಬಾಗಿಲಲ್ಲಿ ಕಾಯುತ್ತಿರುವ ಮಗಳು, ಅದರ ಪುಟ್ಟ ಕೈ ಹಿಡಿದು ಪಿಸುಗುಟ್ಟುತ್ತಿದ್ದಾಳೆ: "ಬಿ, ಓ, ಆರ್..."