ಬೇಕರಿಗೆ ಮಾತ್ರ ಬಾಗಿಲು ತೆರೆದ ಕ್ಲಸ್ಟರ್

ಸ್ನೇಹಿತರೇ, ಇವತ್ತು ಮಧ್ಯಾಹ್ನದವರೆಗೆ ನಮ್ಮ ಕಂಪನಿಯ ಕೆಲಸವೆಲ್ಲ ನಡೆಯುವ ಸರ್ವರ್‌ಗಳ ಗುಂಪಿಗೆ, ಅಂದರೆ ಕ್ಲೌಡ್ ಕ್ಲಸ್ಟರ್‌ಗೆ, ಹೋಗುವ ದಾರಿ ಇದ್ದದ್ದು ಹೊಸ ತಿಪ್ಪಸಂದ್ರದ ಒಂದು ಬೇಕರಿಯಿಂದ ಮಾತ್ರ!

ತಪ್ಪು ನನ್ನದೇ. ಬೆಳಿಗ್ಗೆ ಆ ಬೇಕರಿಯ ವೈಫೈನಲ್ಲಿ ಕೂತು, ಆಫೀಸಿನ ನೆಟ್‌ವರ್ಕ್ ಬಿಟ್ಟು ಬೇರೆಲ್ಲಿಂದಲೂ ಯಾರೂ ಒಳಗೆ ಬರಬಾರದೆಂದು ನಿಯಮ ಹಾಕಿದೆ. ಯಾವ ನೆಟ್‌ವರ್ಕ್ ವಿಳಾಸಕ್ಕೆ (ಐಪಿಗೆ) ಅನುಮತಿ ಎಂದು ಪರದೆ ಕೇಳಿದಾಗ, ಆಫೀಸಿನಲ್ಲಿ ದಿನಾ ಒತ್ತುವ ಅಭ್ಯಾಸದಿಂದ 'ಈಗಿನ ಐಪಿ' ಒತ್ತಿಬಿಟ್ಟೆ; ಆಫೀಸಿನದರ ಬದಲು ಬೇಕರಿಯ ವಿಳಾಸ ಸೇರಿಕೊಂಡಿತು. ಇಂದಿರಾನಗರದ ಆಫೀಸು ತಲುಪಿದರೆ ಎಲ್ಲರೂ ಹೊರಗೆ, ನಾನೂ ಹೊರಗೆ!

ಮ್ಯಾನೇಜರ್ ಶಬಾನಾ ಮೇಡಂ ನನ್ನನ್ನು ಆಟೋ ಹತ್ತಿಸಿಕೊಂಡು ಬೇಕರಿಗೆ ಬಂದರು. ಲ್ಯಾಪ್‌ಟಾಪ್ ತೆರೆದೆವು.

"ನೆಟ್ ಸ್ಲೋ ಇದೆ ಅಲ್ವಾ? ಇರಿ, ಆಫ್ ಮಾಡಿ ಆನ್ ಮಾಡ್ತೀನಿ," ಎಂದು ಬೇಕರಿಯ ಮಂಜಣ್ಣ ರೌಟರ್‌ಗೆ ಕೈ ಹಾಕಿದರು. ಹಾಗೆ ಮಾಡಿದರೆ ಐಪಿಯೇ ಬದಲಾಗಿ, ಇದ್ದ ಒಂದು ಬಾಗಿಲೂ ಮುಚ್ಚಿಹೋಗುತ್ತಿತ್ತು! "ಬೇಡಾ ಅಣ್ಣಾ!" ಎಂದು ಇಬ್ಬರೂ ಕಿರುಚಿದ ರಭಸಕ್ಕೆ ಯಾರದೋ ಕೈಯಲ್ಲಿದ್ದ ಟೀ ಚೆಲ್ಲಿತು. ಎರಡೇ ನಿಮಿಷದಲ್ಲಿ ನಿಯಮ ಸರಿಯಾಯಿತು. ಗೆದ್ದೆವು!

ಹೊರಡುವಾಗ ಮೇಡಂ ಕೇಳಿದರು: "ಮಂಜಣ್ಣ, ಈ ವೈಫೈ ಪಾಸ್‌ವರ್ಡ್ ಇನ್ಯಾರಿಗೆಲ್ಲ ಗೊತ್ತು?"

"ಖಾರಾ ಬನ್ ತಿನ್ನೋಕೆ ಬರೋರಿಗೆಲ್ಲ ಗೊತ್ತು ಮೇಡಂ. ಗೋಡೆ ಮೇಲೇ ಬರ್ದಿದೀನಲ್ಲ!"

ಅಂತೂ ಬೆಳಿಗ್ಗೆಯಿಂದ ನಮ್ಮ ಕ್ಲಸ್ಟರ್ ಬಾಗಿಲು ಮುಚ್ಚಿದ್ದು ನಮಗೆ ಮಾತ್ರ.